ನಾವು ನಾವೇ ಓದುವ ಬ್ಲಾಗು

ಹುಣಸೂರಿನ ಆ ಹೈಸ್ಕೂಲಿಗೆ ಇಂಟರ್ನೆಟ್ ಬಂದದ್ದು 2008ರಲ್ಲಿ. ಒಂಬತ್ತನೇ ತರಗತಿಗೆ ಕನ್ನಡ ಪಾಠ ಮಾಡುತ್ತಿದ್ದ ವಿಮಲಾ ಮಿಸ್ ಮೈಸೂರಿನಲ್ಲಿ ಏನೋ ತರಬೇತಿ ಮುಗಿಸಿಕೊಂಡು ಬಂದವರೇ ತರಗತಿಗೆಂದು ಒಂದು ಬ್ಲಾಗು ತೆರೆದರು. ಮಕ್ಕಳು ಮೊದಲು ಹಾಳೆಯ ಮೇಲೆ ಬರೆಯಬೇಕು, ಆಮೇಲೆ ಕಂಪ್ಯೂಟರ್ ರೂಮಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಬೇಕು. ಒಬ್ಬರು ಬರೆದದ್ದನ್ನು ಉಳಿದವರು ಓದಿ ಕೆಳಗೆ ತಮ್ಮ ಮಾತು ಸೇರಿಸಬೇಕು.

"ಪಾಠದ್ದು ಬೇಡ. ನಿಮ್ಮ ಮನೆ, ನಿಮ್ಮ ಬೀದಿ, ನೀವು ಕಣ್ಣಾರೆ ಕಂಡದ್ದು ಬರೀರಿ" ಎಂದರು ಮಿಸ್.

ಹಾರನಹಳ್ಳಿ ಕಡೆಯಿಂದ ಬಂದು ಹಾಸ್ಟೆಲ್ಲಿನಲ್ಲಿದ್ದ ರಾಧಾಳಿಗೆ ಅನುಮಾನ. "ಕಂಪ್ಯೂಟ್ರಿಗೆ ಆಕುದ್ರೆ ಊರೋರೆಲ್ಲ ನೋಡ್ತಾರಂತಲ್ಲ ಮಿಸ್?"

"ಇಲ್ಲ ಕಣೇ. ಪಾಸ್‌ವರ್ಡ್ ಇಟ್ಟಿದ್ದೀನಿ. ನಾವು ನಾವೇ ಓದೋದು."

ರಾಧಾಳ ಪಕ್ಕದಲ್ಲಿ ಕೂತಿದ್ದ ಫರ್ಹಾನಾಳಿಗೆ ಆ ಮಾತು ಹಿಡಿಸಿತು. ಅವಳ ಮನೆಮಾತು ಉರ್ದು. ಕನ್ನಡ ಬರೆಯುವಾಗ ಒತ್ತು ದೀರ್ಘ ತಪ್ಪಿ, ಏಳನೇ ತರಗತಿಯವರೆಗೂ ಅವಳ ಪುಸ್ತಕದಲ್ಲಿ ನೀಲಿಗಿಂತ ಕೆಂಪು ಶಾಯಿಯೇ ಹೆಚ್ಚು. "ತಪ್ಪು ಆಮೇಲೆ ತಿದ್ದಬಹುದು. ನಿನ್ನ ಮಾತಿನಲ್ಲಿ ಜೀವ ಇದೆ, ಅದನ್ನ ಯಾರೂ ಕಲಿಸೋಕಾಗಲ್ಲ" ಎಂದು ಮೊದಲ ಬಾರಿಗೆ ಹೇಳಿದವರು ಇದೇ ವಿಮಲಾ ಮಿಸ್. ಅಂದಿನಿಂದ ಅವರು ಹೇಳಿದ ಯಾವ ಮಾತನ್ನೂ ಅವಳು ಎರಡನೇ ಸಲ ಯೋಚಿಸಿದವಳಲ್ಲ.

ಅವಳು ತನ್ನ ಅಬ್ಬಾನ ಬಗ್ಗೆ ಬರೆದಳು. ಇಸಾಕ್ ಮರಗೆಲಸದವನು. ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ದಿನಾ ಬೆಳಗ್ಗೆ ರೇಡಿಯೋದಲ್ಲಿ ವಾರ್ತೆ ಕೇಳಿಸಿಕೊಂಡು, ಕಂಠಪ್ಪನ ಟೀ ಅಂಗಡಿಗೆ ಹೋಗಿ, ಅಲ್ಲಿನ ಪೇಪರು ಬಿಡಿಸಿ ಹಿಡಿದು, ರೇಡಿಯೋದವರು ಹೇಳಿದ್ದನ್ನೇ ಈಗತಾನೇ ಓದಿದವನಂತೆ ಹೇಳುತ್ತಿದ್ದ. ಸುತ್ತ ಕೂತವರು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಮಗಳಿಗೆ ಮಾತ್ರ ಇದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ವಾರ್ತೆಯ ಹೊತ್ತಿಗೆ ತಮ್ಮ ಹುಜೈಫಾ ಗಲಾಟೆ ಮಾಡದಂತೆ ಅವಳು ಅವನನ್ನು ಹಿತ್ತಲಿಗೆ ಕರೆದೊಯ್ಯುತ್ತಿದ್ದಳು. ಇದನ್ನೆಲ್ಲ ನಗುನಗುತ್ತಾ, ಅಬ್ಬಾನ ಮೇಲಿನ ಪ್ರೀತಿ ಒಂದೊಂದು ಸಾಲಿನಲ್ಲೂ ಕಾಣುವ ಹಾಗೆ ಬರೆದಳು. ತರಗತಿಯವರೆಲ್ಲ ಓದಿದರು. ರಾಧಾ ಕೆಳಗೆ, "ನಮ್ಮವ್ವನೂ ಬಸ್ಸಿನ ಬೋರ್ಡ್ ಓದೋ ಹಾಗೆ ಮಾಡ್ತಾಳೆ" ಎಂದು ಬರೆದಳು. ಹುಡುಗಿಯರಿಬ್ಬರೂ ಅವತ್ತು ಬಹಳ ಹೊತ್ತು ಮಾತಾಡಿಕೊಂಡರು.

ಎರಡು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಫರ್ಹಾನಾ ಫ್ಲಾಸ್ಕು ಹಿಡಿದು ಮನೆಗೆ ಟೀ ತರಲು ಕಂಠಪ್ಪನ ಅಂಗಡಿಗೆ ಹೋದಳು. ಬಾಗಿಲಿಗೆ ಬರುವಾಗಲೇ ಅಬ್ಬಾನ ದನಿ ಕೇಳಿಸಿತು. ಪೇಪರಿನಲ್ಲಿ ಶಾಲೆಯ ಕಂಪ್ಯೂಟರ್ ರೂಮಿನ ಫೋಟೋ ಬಂದಿತ್ತು. ಮಿಸ್ ಪಕ್ಕದಲ್ಲಿ ಕೂತವಳು ತನ್ನ ಮಗಳು ಎಂಬುದನ್ನು ಇಸಾಕ್ ಗುರುತಿಸಿದ್ದ. ಮುಖ ಅರಳಿಸಿಕೊಂಡು ಪೇಪರನ್ನು ಹೊಗೆಸೊಪ್ಪಿನ ವ್ಯಾಪಾರಿ ಷಣ್ಮುಖಪ್ಪನ ಕೈಗೆ ಕೊಡುತ್ತಿದ್ದ.

"ನನ್ ಮಗಳ ವಿಷ್ಯ ನಾನೇ ಓದುದ್ರೆ ಚಂದ ಇರಲ್ಲ. ನೀವೇ ಜೋರಾಗಿ ಓದಿ, ಎಲ್ರೂ ಕೇಳ್ಲಿ."

ಫರ್ಹಾನಾಳಿಗೆ ಏನೆಂದು ಇನ್ನೂ ತಿಳಿಯಲಿಲ್ಲ. ಷಣ್ಮುಖಪ್ಪ ಕನ್ನಡಕ ಸರಿಮಾಡಿಕೊಂಡು ಓದತೊಡಗಿದ. ಬ್ಲಾಗಿನ ಮೂಲಕ ಭಾಷೆ ಕಲಿಸುವ ಶಿಕ್ಷಕಿ, ಅವರ ಹೊಸ ವಿಧಾನ, ಆಮೇಲೆ 'ವಿದ್ಯಾರ್ಥಿನಿ ಫರ್ಹಾನಾ ಬರೆದದ್ದು ಹೀಗಿದೆ' ಎಂದು ಅವಳ ಬರಹವೇ. ತಂದೆಯ ಹೆಸರು, ಬೀದಿ, ಕಸುಬು ಎಲ್ಲವೂ ಇತ್ತು. ರೇಡಿಯೋದ ಮಾತು ಬಂದಲ್ಲಿ ಷಣ್ಮುಖಪ್ಪನ ದನಿ ಇಳಿಯಿತು. ಮುಂದಿನ ಸಾಲಿಗೆ ನಿಂತೇಹೋಯಿತು.

"ಇಷ್ಟೇಯ. ಮಿಕ್ಕಿದ್ದು ಏನೋ ಇಸ್ಕೂಲ್ ವಿಚಾರ" ಎಂದು ಪೇಪರು ಮಡಿಸಿದ.

ಕೇಳಿಸಬೇಕಾದದ್ದು ಅಷ್ಟರಲ್ಲೇ ಎಲ್ಲರಿಗೂ ಕೇಳಿಸಿತ್ತು. ಯಾರೂ ನಗಲಿಲ್ಲ. ಕಂಠಪ್ಪ ಒರೆಸಿದ ಲೋಟವನ್ನೇ ಮತ್ತೆ ಒರೆಸಿದ. ಇಸಾಕ್ ಎದ್ದು, ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿ, ಅವಳ ಪಕ್ಕದಿಂದಲೇ ಹೊರಗೆ ನಡೆದ.

ರಾತ್ರಿ ಅವನು ಊಟದ ತಟ್ಟೆಯ ಮುಂದೆ ಕೂತಾಗ ಮೆಲ್ಲಗೆ ಹೇಳಿದ: "ನಿನಗೆ ಗೊತ್ತು ಅನ್ನೋದು ನನಗೆ ಗೊತ್ತಿರಲಿಲ್ಲ ಬೇಟಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಮರುದಿನ ಸ್ಟಾಫ್ ರೂಮಿನಲ್ಲಿ ಮಿಸ್ ಮೇಜಿನ ಮೇಲೆ ಅದೇ ಪೇಪರಿನ ನಾಲ್ಕಾರು ಪ್ರತಿಗಳಿದ್ದವು. "ಬಾರೇ ಬಾ. ಮೈಸೂರಿನಿಂದ ಶಿಕ್ಷಣ ಇಲಾಖೆ ಸಾಹೇಬರೇ ಫೋನ್ ಮಾಡಿದ್ರು, ಗೊತ್ತಾ?"

"ನಾವು ನಾವೇ ಓದೋದು ಅಂದಿದ್ರಿ ಮಿಸ್."

"ಅಷ್ಟು ಚೆನ್ನಾಗಿತ್ತು ಕಣೇ, ಪೇಪರಿನವರಿಗೆ ಕೊಡದೆ ಬಚ್ಚಿಡೋಕೆ ಮನಸ್ಸು ಬರಲಿಲ್ಲ."

"ಹೆಸರಾದ್ರೂ ಬಿಡಬಹುದಿತ್ತು. ನನ್ನ ಒಂದು ಮಾತು ಕೇಳಬಹುದಿತ್ತು."

ಮಿಸ್ ಪೇಪರುಗಳನ್ನು ಜೋಡಿಸುತ್ತಾ, "ಕೇಳಿದ್ರೆ ನೀನು ಬೇಡ ಅಂತಿದ್ದೆ" ಎಂದರು.

ಹಾಗಾದರೆ ಅವರಿಗೆ ಮೊದಲೇ ತಿಳಿದಿತ್ತು. ಮರೆತು ಮಾಡಿದ್ದಲ್ಲ, ತಿಳಿಯದೆ ಆದದ್ದೂ ಅಲ್ಲ. ಫರ್ಹಾನಾ ಅದನ್ನು ಬ್ಲಾಗಿನಿಂದ ತೆಗೆದುಬಿಡಿ ಎಂದು ಕೇಳಿದಳು. ಬುಧವಾರ ಸಾಹೇಬರು ನೋಡಲು ಬರುತ್ತಾರೆ, ಅದಾದ ಮೇಲೆ ತೆಗೆಯೋಣ ಎಂದರು ಮಿಸ್.

ಬುಧವಾರ ಸಾಹೇಬರು ಬಂದರು. ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಫರ್ಹಾನಾಳ ಬರಹವನ್ನೇ ದೊಡ್ಡದಾಗಿ ಅದರ ಮೇಲೆ ಮೂಡಿಸಿದ್ದರು. ಸಾಹೇಬರು ಅವಳನ್ನು ಎಬ್ಬಿಸಿ ಪ್ರೀತಿಯಿಂದಲೇ ಕೇಳಿದರು: "ಇಷ್ಟು ಸಹಜವಾಗಿ ಹೇಗಮ್ಮ ಬರೆದೆ?"

ಅವಳು ಮಿಸ್ ಕಡೆ ನೋಡಿದಳು. ಮಿಸ್ ಮುಗುಳ್ನಗುತ್ತಿದ್ದರು.

"ಸುಳ್ಳು ಬರೆದೆ ಸಾರ್. ನಮ್ಮ ಅಬ್ಬಾಗೆ ಓದೋಕೆ ಬರ್ತದೆ."

ರಾಧಾ ತಲೆ ತಗ್ಗಿಸಿದಳು. ಸಾಹೇಬರು ಮಿಸ್ ಮುಖ ನೋಡಿ, ಬೇರೆ ಮಕ್ಕಳದ್ದು ತೋರಿಸಿ ಎಂದರು. ತಾನು ಬರೆದದ್ದರಲ್ಲೆಲ್ಲ ಅತಿ ನಿಜವಾದದ್ದನ್ನು ತಾನೇ ಸುಳ್ಳು ಮಾಡಿದೆನಲ್ಲ ಎಂದು ಫರ್ಹಾನಾಳ ಕಣ್ಣು ತುಂಬಿತು. ಆದರೂ ಹೇಳಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹೊರಡುವಾಗ ಮಿಸ್ ಅವಳನ್ನು ಜಗಲಿಯಲ್ಲಿ ತಡೆದರು. "ನನಗೆ ಹೀಗೆ ಮಾಡಿಬಿಟ್ಟೆಯಲ್ಲ ಫರ್ಹಾನಾ" ಎಂದರು. ಅವಳು ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದಳು.

ಬರಹ ಅವತ್ತೇ ಬ್ಲಾಗಿನಿಂದ ಹೋಯಿತು. ಇಸಾಕ್ ಬೆಳಗಿನ ಟೀಯನ್ನು ಮನೆಯಲ್ಲೇ ಕುಡಿಯತೊಡಗಿದ. ಷಣ್ಮುಖಪ್ಪ ಒಂದೆರಡು ಸಲ ಮನೆಯ ತನಕ ಬಂದು, "ಬರ್ರೀ ಸಾಬ್ರೆ, ನೀವಿಲ್ದೆ ಅಂಗ್ಡಿ ಬಣಗುಡ್ತಾ ಅದೆ" ಎಂದು ಕರೆದ. ಇಸಾಕ್ ಕೆಲಸವಿದೆ ಎಂದ.

ಮುಂದಿನ ಸಲ ಬ್ಲಾಗಿಗೆ ಬರೆಯಲು ಹೇಳಿದಾಗ ಫರ್ಹಾನಾ 'ಗಿಡಮರಗಳ ಉಪಯೋಗಗಳು' ಎಂದು ಬರೆದಳು. ಗಿಡಮರಗಳು ನಮಗೆ ನೆರಳನ್ನೂ ಹಣ್ಣನ್ನೂ ಕೊಡುತ್ತವೆ ಎಂದು ಶುರುವಾಗುವ ಒಂದು ಪುಟ. ಒಂದೇ ಒಂದು ಒತ್ತೂ ತಪ್ಪಿರಲಿಲ್ಲ. ಅದರ ಕೆಳಗೆ ಏನು ಬರೆಯುವುದೆಂದು ರಾಧಾಳಿಗೂ ತಿಳಿಯಲಿಲ್ಲ, ಮಿಸ್‌ಗೂ ತಿಳಿಯಲಿಲ್ಲ.