ಸೇತುವೆಯಾಚೆ ಹತ್ತೊಂಬತ್ತು ಮನೆ

"ಹತ್ತನೇ ಕ್ಲಾಸು ದಾಟೋಕಾಗದೋನು ಬಂದು ನಮಗೆ ಓಟು ಎಣಿಸೋದು ಹೇಳಿಕೊಡ್ತಾನಂತೆ, ಕೇಳ್ರಪ್ಪಾ!"

ಎಲ್‌ವುಡ್ ಪ್ರಾಟ್ ಇದನ್ನು ಮೆಲ್ಲಗೇನೂ ಹೇಳಲಿಲ್ಲ. ಚರ್ಚಿನ ಹಿಂದಿನ ಹಾಲ್‌ನಲ್ಲಿ ಅವತ್ತು ಊರೂಟ. ಎಂಬತ್ತು ಜನ ಉದ್ದ ಮೇಜುಗಳ ಎರಡೂ ಕಡೆ ಕೂತು ಮೀನು, ಆಲೂಗಡ್ಡೆ ಹಾಕಿದ ಬಿಸಿ ಸೂಪು ಕುಡಿಯುತ್ತಿದ್ದರು. ಎಮೆಟ್ ಒಂದೊಂದೇ ಮೇಜಿಗೆ ಹೋಗಿ ಕರಪತ್ರ ಇಡುತ್ತ ಬಂದಿದ್ದ. ಎಲ್‌ವುಡ್ ತನ್ನ ಮುಂದಿನದನ್ನು ಎರಡು ಬೆರಳಲ್ಲಿ ಎತ್ತಿ, ಮಡಿಸಿ, ಸೋರುತ್ತಿದ್ದ ಬಟ್ಟಲಿನ ಅಡಿಗೆ ಇಟ್ಟುಕೊಂಡ.

"ಲೋ, ನೂರರಲ್ಲಿ ನಲವತ್ತು ಕಳೆದರೆ ಎಷ್ಟೋ? ಬೆರಳು ಸಾಲದಿದ್ರೆ ಬೂಟು ಬಿಚ್ಕೋ."

ಹಾಲ್ ನಕ್ಕಿತು. ಪಾದ್ರಿಗಳೂ ನಕ್ಕರು, ಆಮೇಲೆ ಕೆಮ್ಮಿದರು.

"ನಿಮ್ಮಪ್ಪ ಕೂತಿರೋ ಸೀಟು ಯಾರು ಕೊಟ್ಟಿದ್ದು ಅಂತ ಮೊದಲು ಅವನನ್ನ ಕೇಳು. ಆಮೇಲೆ ದೇಶ ಉದ್ಧಾರ ಮಾಡುವಂತೆ."

ಎಮೆಟ್ ಅಪ್ಪನ ಕಡೆ ನೋಡಿದ. ಆಲ್ಬನ್ ಟ್ರೇನರ್ ಮೂರನೇ ಮೇಜಿನಲ್ಲಿ ಕೂತು ಬಿಸ್ಕತ್ತು ಮುರಿದು ಸೂಪಿಗೆ ಹಾಕುತ್ತಿದ್ದ. ಒಂದು ಮುಗಿಯಿತು, ಇನ್ನೊಂದು ತೆಗೆದುಕೊಂಡ. ಬಟ್ಟಲಲ್ಲಿ ಸೂಪೇ ಕಾಣದಷ್ಟು ಬಿಸ್ಕತ್ತು ತುಂಬಿದರೂ ಅವನು ತಲೆ ಎತ್ತಲಿಲ್ಲ.

ಕೆನಡಾದ ಭೂಪಟದಲ್ಲಿ ನಮ್ಮ ದ್ವೀಪದ ಮೇಲೆ ಬೆರಳಿಟ್ಟರೆ ದ್ವೀಪ ಮುಚ್ಚಿಹೋಗುತ್ತದೆ. ಇಷ್ಟು ನೆಲದಲ್ಲೇ ಕೆಂಪಿನವರು, ನೀಲಿಯವರು. ಇಲ್ಲಿ ಪಕ್ಷವನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಅದು ಮೂಗಿನ ಹಾಗೆ ಅಪ್ಪನಿಂದ ಬರುತ್ತದೆ. ಕೆಂಪಿನವನ ಹೆಣ ಕೆಂಪಿನವನ ಗಾಡಿಯಲ್ಲೇ ಸ್ಮಶಾನಕ್ಕೆ ಹೋಗಬೇಕು ಎನ್ನುವ ಕಾಲವೂ ಇತ್ತು. ಈಗ ಹೆಣದ ಗಾಡಿ ಎಲ್ಲರಿಗೂ ಒಂದೇ. ರಸ್ತೆಯ ಕೆಲಸ ಮಾತ್ರ ಗೆದ್ದವರದು. ಚಳಿಗಾಲದಲ್ಲಿ ಹಿಮ ತಳ್ಳುವುದಕ್ಕೆ, ಹಿಮ ಕರಗಿದ ಮೇಲೆ ಕೆಂಪು ಕೆಸರಿನ ರಸ್ತೆ ಸಮ ಮಾಡುವುದಕ್ಕೆ ಒಂದು ಗ್ರೇಡರ್ ಯಂತ್ರವಿದೆ. ಅದರ ಸೀಟಿನಲ್ಲಿ ಯಾರು ಕೂರಬೇಕು ಎಂಬುದನ್ನು ಹೇಳುವವನು, ಕೆಂಪಿನವರು ಗೆದ್ದಾಗ, ಎಲ್‌ವುಡ್. ನಲವತ್ತು ವರ್ಷದಿಂದ ಮತದಾರರ ಪಟ್ಟಿ ಅವನ ಅಡುಗೆಮನೆಯ ಡ್ರಾಯರಿನಲ್ಲಿದೆ. ಪ್ರತಿ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಬಣ್ಣ ಬರೆದಿದ್ದಾನೆ. ಕೂಸು ಹುಟ್ಟಿದರೆ ಪಾದ್ರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ.

ಎಮೆಟ್‌ಗೆ ಹದಿನೈದಾಗಿದ್ದಾಗ ನೀಲಿಯವರು ನಲವತ್ತೊಂದು ಓಟಿನಿಂದ ಗೆದ್ದರು. ಮೂರನೇ ವಾರ ಆಲ್ಬನ್‌ಗೆ ಫೋನ್ ಬಂತು, ಗ್ರೇಡರಿನ ಕೀಲಿ ತಂದುಕೊಡು ಎಂದು. ಸೀಟು ಸೇತುವೆಯಾಚೆಯ ಫರ್ಗಸ್ ಕೀಫ್‌ಗೆ ಹೋಯಿತು. ಎಮೆಟ್ ಹತ್ತನೇ ಕ್ಲಾಸಿನ ಪುಸ್ತಕಗಳನ್ನು ಶಾಲೆಯ ಮೇಜಿನ ಮೇಲಿಟ್ಟು ಚಿಕ್ಕಪ್ಪನ ದೋಣಿ ಹತ್ತಿ ಲಾಬ್‌ಸ್ಟರ್ ಹಿಡಿಯಲು ಹೋದ. ನಾಲ್ಕು ವರ್ಷಕ್ಕೆ ಕೆಂಪಿನವರು ಮತ್ತೆ ಬಂದರು. ಸೀಟು ವಾಪಸು ಬಂತು. ಶಾಲೆ ಬರಲಿಲ್ಲ. ಎಲ್‌ವುಡ್‌ಗೆ ಇದೆಲ್ಲ ಗೊತ್ತು. ಗೊತ್ತಿದ್ದೇ ಎಂಬತ್ತು ಜನರ ಮುಂದೆ ಹತ್ತನೇ ಕ್ಲಾಸಿನ ಮಾತು ಎತ್ತಿದ.

ಓಟಿನ ಪದ್ಧತಿಯನ್ನೇ ಬದಲಾಯಿಸಬೇಕೇ ಬೇಡವೇ ಎಂದು ಈ ಸಲ ಜನರನ್ನೇ ಕೇಳುವವರಿದ್ದರು. ಏಪ್ರಿಲ್ ಕೊನೆಗೆ ಜನಮತಗಣನೆ. ಈಗ ಒಂದು ಕ್ಷೇತ್ರದಲ್ಲಿ ಒಂದು ಓಟು ಹೆಚ್ಚು ಬಿದ್ದವನದೇ ಎಲ್ಲ, ಉಳಿದವರ ಓಟು ಕಸ. ಹೊಸದರಲ್ಲಿ ದ್ವೀಪದಲ್ಲಿ ಯಾವ ಪಕ್ಷಕ್ಕೆ ಎಷ್ಟು ಪಾಲು ಓಟೋ, ಶಾಸನಸಭೆಯಲ್ಲಿ ಅದಕ್ಕೆ ಅಷ್ಟೇ ಪಾಲು ಕುರ್ಚಿ. ಹಾಗಾದರೆ ಯಾರೂ ಒಬ್ಬರೇ ಆಳುವ ಹಾಗಿಲ್ಲ. ಒಬ್ಬರೇ ಆಳದಿದ್ದರೆ ಒಂದು ಫೋನಿನಲ್ಲಿ ಯಾರ ಕೀಲಿಯನ್ನೂ ಕಿತ್ತುಕೊಳ್ಳುವ ಹಾಗಿಲ್ಲ. ಎಮೆಟ್‌ಗೆ ಅರ್ಥವಾದದ್ದು ಇಷ್ಟು. ಇಷ್ಟು ಸಾಕಾಗಿತ್ತು.

ಬದಲಾಗಲಿ ಎನ್ನುವವರ ಪರವಾಗಿ ಪೇಟೆಯಿಂದ ಮಾರ್ಗೋ ಎಂಬ ನಿವೃತ್ತ ನರ್ಸು ಬಂದು ಅವನಿಗೆ ಊರಿನ ಮನೆಗಳ ಪಟ್ಟಿ, ರಸ್ತೆಬದಿಗೆ ನೆಡುವ ಇಪ್ಪತ್ತು ಫಲಕ, ಒಂದು ಪೆಟ್ಟಿಗೆ ಕರಪತ್ರ ಕೊಟ್ಟು ಹೋಗಿದ್ದಳು. "ಒಂದು ಬಾಗಿಲೂ ಬಿಡಬೇಡ. ಬಾಗಿಲು ತೆಗೀದಿದ್ರೆ ಮತ್ತೆ ಹೋಗು, ಮೂರು ಸಲ ಹೋಗು. ಮಾತಾಡೋಕೆ ಬರಲ್ಲ ಅಂತ ಚಿಂತೆ ಬೇಡ. ಜನ ಭಾಷಣ ಕೇಳಲ್ಲ, ಬಂದಿದ್ದಾನಾ ಇಲ್ವಾ ಅಂತ ನೋಡ್ತಾರೆ."

ಅವನು ಹೋದ. ಬೆಳಗ್ಗೆ ಲಾಬ್‌ಸ್ಟರ್ ಹಿಡಿಯುವ ಬಲೆಪೆಟ್ಟಿಗೆಗಳ ರಿಪೇರಿ, ಮಧ್ಯಾಹ್ನದಿಂದ ಬಾಗಿಲು. ಹಿಮ ಕರಗಿ ರಸ್ತೆಯೆಲ್ಲ ಕೆಂಪು ರಾಡಿ. ಬೂಟಿಗೆ ಮೆತ್ತಿದ ಮಣ್ಣು ಅವನು ಹತ್ತಿದ ಮೆಟ್ಟಿಲುಗಳಿಗೆಲ್ಲ ಮೆತ್ತುತ್ತಿತ್ತು. ಹೆಂಗಸರು ಬೈಯುತ್ತಿದ್ದರು, ಬೈದು ಒಳಗೆ ಕರೆಯುತ್ತಿದ್ದರು.

ಮುದುಕ ಸಿರಿಲ್ ಕೊಟ್ಟಿಗೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. "ಯಾರ ಮಗನೋ ನೀನು?" ಎಂದ. ಹುಟ್ಟಿದಾಗಿನಿಂದ ನೋಡಿದವನು, ಆದರೂ ಇಲ್ಲಿ ಮಾತು ಶುರುವಾಗುವುದೇ ಹಾಗೆ.

"ಆಲ್ಬನ್ನನ ಮಗ."

"ಹಂಗಾದ್ರೆ ಕೆಂಪು. ಕೆಂಪಿನೋರು ಇದು ಬ್ಯಾಡ ಅಂತಾರಲ್ಲೋ?"

"ಬ್ಯಾಡ ಅನ್ನದೇ ಇನ್ನೇನು ಅಂತಾರೆ? ನಿಮ್ಮ ದೋಣೀಲಿ ಐದು ಜನ ಹೋಗಿ, ಹಿಡಿದ ಲಾಬ್‌ಸ್ಟರ್ ಎಲ್ಲಾ ಒಬ್ಬನೇ ಹೊತ್ಕೊಂಡು ಹೋದ್ರೆ ಅವನು ಹಂಚೋಣ ಅಂತಾನಾ?"

"ನನ್ನ ದೋಣೀಲಿ ಹಂಗೇ ಆಗ್ತಿತ್ತು. ಹೊತ್ಕೊಂಡು ಹೋಗ್ತಿದ್ದೋನು ನಾನೇ." ಸಿರಿಲ್ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಆಮೇಲೆ ನಗು ನಿಲ್ಲಿಸಿ ಹಗ್ಗ ನೋಡುತ್ತ ಹೇಳಿದ, "ನನ್ನ ತಮ್ಮಂಗೂ ಐವತ್ತು ವರ್ಷದ ಹಿಂದೆ ಆ ಫೋನ್ ಬಂದಿತ್ತು ಕಣೋ. ಕೀಲಿ ಕೊಟ್ಟು ಬಂದೋನು ಮೂರು ದಿನ ಮಾತಾಡ್ಲಿಲ್ಲ. ಕೊಡು ಆ ಕಾಗದ."

ಇಂಥ ಸಂಜೆಗಳಲ್ಲಿ ಎಮೆಟ್ ಮನೆಗೆ ಓಡುತ್ತಲೇ ಬರುತ್ತಿದ್ದ. ಎರಡು ಫಲಕ ಹೆಚ್ಚಿಗೆ ನೆಟ್ಟಿರುತ್ತಿದ್ದ.

ಊರೂಟದ ಮಾರನೆಯ ದಿನ ಅಪ್ಪ ಅಂಗಳದ ನಲ್ಲಿಯಲ್ಲಿ ಗ್ರೀಸು ತೊಳೆಯುತ್ತ, ತಿರುಗಿ ನೋಡದೆ ಹೇಳಿದ, "ಬಿಟ್ಟುಬಿಡು ಮಗನೇ. ಇನ್ನು ಆರು ಚಳಿಗಾಲ ಸೀಟಲ್ಲಿ ಕೂತರೆ ನಂದು ಮುಗೀತು."

"ಆರು ಚಳಿಗಾಲ ಬಾಯಿಗೆ ಬಿಸ್ಕತ್ತು ತುರುಕ್ಕೊಂಡು ಕೂತ್ಕೋತೀಯಾ?"

ಆಲ್ಬನ್ ನಲ್ಲಿ ನಿಲ್ಲಿಸಿದ. ಕೈಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. "ನಿನ್ನ ವಯಸ್ಸಲ್ಲಿ ನನಗೂ ಬಾಯಿತ್ತು" ಎಂದಷ್ಟೇ ಹೇಳಿ ಒಳಗೆ ಹೋದ.

ಆದರೆ ಗುರುವಾರ ಗ್ರೇಡರ್ ರಸ್ತೆಗೆ ಬಂದಾಗ ಎಮೆಟ್ ಒಂದನ್ನು ಗಮನಿಸಿದ. ಅದರ ಅಲಗು ಅಂಚಿನ ಕೆಸರನ್ನೆಲ್ಲ ಎತ್ತಿ ಅಂಗಡಿಯ ಬೋರ್ಡು, ಆಲೂಗಡ್ಡೆ ಮಾರುವವರ ಬೋರ್ಡು ಎನ್ನದೆ ಎಲ್ಲದರ ಮೇಲೂ ರಾಚಿಕೊಂಡು ಬರುತ್ತಿತ್ತು. ಅವನ ಫಲಕ ಬಂದಲ್ಲೆಲ್ಲ ಅಲಗು ಒಂದು ಗೇಣು ಮೇಲೆದ್ದು, ದಾಟಿದ ಮೇಲೆ ಇಳಿಯುತ್ತಿತ್ತು. ಸೀಟಿನಲ್ಲಿದ್ದವನು ನೇರ ರಸ್ತೆಯನ್ನೇ ನೋಡುತ್ತಿದ್ದ.

ಪಟ್ಟಿಯಲ್ಲಿ ನೂರ ಮೂವತ್ತೆರಡು ಮನೆ. ಊರಿನ ನಡುವೆ ಹಳೆಯ ಗಿರಣಿಯ ಹೊಳೆ, ಅದಕ್ಕೊಂದು ಮರದ ಸೇತುವೆ. ಆಚೆ ದಡದಲ್ಲಿ ಸಮುದ್ರದತ್ತ ಹೋಗುವ ಓಣಿಯಲ್ಲಿ ಹತ್ತೊಂಬತ್ತು ಮನೆ, ಎಲ್ಲವೂ ನೀಲಿಯವರದು. ಎಮೆಟ್ ಚಿಕ್ಕವನಿದ್ದಾಗ ಚೆಂಡು ಆಚೆ ಹೋದರೆ ಹೊಸ ಚೆಂಡು ಕೊಡಿಸುತ್ತಿದ್ದರೇ ಹೊರತು ತರಲು ಬಿಡುತ್ತಿರಲಿಲ್ಲ. ಓಣಿಯ ಮೊದಲನೆಯ ಮನೆ ಫರ್ಗಸ್ ಕೀಫ್‌ನದು. ಅವನು ಸತ್ತು ಮೂರು ವರ್ಷವಾಗಿತ್ತು. ಹೆಂಡತಿ ಉರ್ಸುಲಾ ಒಬ್ಬಳೇ ಇದ್ದಳು.

ಪಟ್ಟಿ ಕೈಗೆ ಬಂದ ದಿನವೇ ಎಮೆಟ್ ಆ ಹತ್ತೊಂಬತ್ತು ಹೆಸರುಗಳ ಮೇಲೆ ಪೆನ್ಸಿಲ್ಲಿನಿಂದ ಒಂದೇ ಉದ್ದ ಗೆರೆ ಎಳೆದಿದ್ದ. ಯೋಚನೆ ಮಾಡಿ ಎಳೆದದ್ದಲ್ಲ. ಕೈ ತಾನಾಗಿ ಎಳೆದಿತ್ತು. ನೀಲಿಯವರು, ಅವರು ಹೇಗೂ ಹಾಕುವವರಲ್ಲ.

ಮತದಾನಕ್ಕೆ ಎರಡು ದಿನವಿರುವಾಗ ಮಾರ್ಗೋ ಫೋನ್ ಮಾಡಿದಳು. "ಎಲ್ಲಾ ಮನೆ ಆಯ್ತಾ?"

"ಎಲ್ಲಾ ಆಯ್ತು" ಎಂದ ಎಮೆಟ್. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲೇ ಇಲ್ಲ.

ಮತ ಎಣಿಸಿದ್ದು ಅದೇ ಹಾಲ್‌ನಲ್ಲಿ, ಅದೇ ಮೇಜುಗಳ ಮೇಲೆ. ಕ್ಷೇತ್ರದ ಲೆಕ್ಕವನ್ನು ಗೋಡೆಗೆ ಅಂಟಿಸಿದರು. ಬೇಡ ಸಾವಿರದ ಇನ್ನೂರ ನಾಲ್ಕು. ಬೇಕು ಸಾವಿರದ ನೂರ ಎಂಬತ್ತೇಳು. ಹದಿನೇಳು ಓಟು. ಎಮೆಟ್ ಕಾಗದದ ಮುಂದೆ ನಿಂತೇ ಇದ್ದ. ಎಲ್‌ವುಡ್ ಪಕ್ಕದಲ್ಲಿ ಬಂದು ನಿಂತು, ಈ ಸಲ ಯಾರಿಗೂ ಕೇಳಿಸದ ಹಾಗೆ, ಹೆಚ್ಚುಕಡಿಮೆ ಪ್ರೀತಿಯಿಂದಲೇ ಹೇಳಿದ, "ಚೆನ್ನಾಗಿ ಓಡಾಡ್ದೆ ಕಣೋ. ಆದ್ರೆ ನಾನು ನಿನಗಿಂತ ಜಾಸ್ತಿ ನಡೆದೆ."

ಹಾಗೆಂದರೇನು ಎಂದು ಎಮೆಟ್‌ಗೆ ಆಗ ತಿಳಿಯಲಿಲ್ಲ.

ಮಾರನೆಯ ಬೆಳಗ್ಗೆ ಅವನು ಫಲಕ ಕೀಳಲು ಹೊರಟ. ಕಿತ್ತು ಕಿತ್ತು ಪಿಕಪ್ ಗಾಡಿಯ ಹಿಂದಕ್ಕೆ ಎಸೆಯುತ್ತ ಬಂದ, ಹಲ್ಲು ಕಚ್ಚಿ, ಒಂದೊಂದನ್ನೂ ಎಲ್‌ವುಡ್‌ನ ಕತ್ತಿನಂತೆ ಹಿಡಿದು. ಹತ್ತೊಂಬತ್ತು ಸಿಕ್ಕವು. ಇಪ್ಪತ್ತನೆಯದು ಸೇತುವೆಯ ಈಚೆ ನೆಟ್ಟಿದ್ದು, ಅಲ್ಲಿ ಬರೀ ಗೂಟದ ತೂತಿತ್ತು.

"ಇಲ್ಲಿದೆಯಪ್ಪಾ!"

ಆಚೆ ದಡದ ಮೊದಲನೆಯ ಮನೆಯ ಜಗಲಿಯಿಂದ ಉರ್ಸುಲಾ ಕೀಫ್ ಕೈ ಬೀಸುತ್ತಿದ್ದಳು. ಫಲಕ ಅವಳ ಹಿಂದೆ ಗೋಡೆಗೆ ಒರಗಿಕೊಂಡಿತ್ತು.

ಎಮೆಟ್ ಸೇತುವೆಯ ಮೇಲೆ ಕಾಲಿಟ್ಟ. ಹಲಗೆ ಸದ್ದು ಮಾಡಿತು. ಹನ್ನೆರಡು ಹೆಜ್ಜೆಯ ಸೇತುವೆ. ಇಪ್ಪತ್ತಮೂರು ವರ್ಷದಲ್ಲಿ ಅವನು ಅದನ್ನು ನಡೆದು ದಾಟಿದ್ದು ಇದೇ ಮೊದಲು. ಅವಳ ಮೆಟ್ಟಿಲು ನಾಲ್ಕು, ಬಿಳಿ ಬಣ್ಣ ಬಳಿದದ್ದು, ಒಂದೂ ಕಲೆಯಿಲ್ಲ. ಅವನು ಬೂಟು ನೋಡಿಕೊಂಡು ಕೆಳಗೇ ನಿಂತ.

"ಹತ್ತೋ, ಮಣ್ಣಾದ್ರೆ ಏನೀಗ. ಆಲ್ಬನ್ನನ ಮಗ ಅಲ್ವಾ ನೀನು? ಅದೇ ಕಿವಿ."

ಅವನು ಹತ್ತಿದ.

"ತಿಂಗಳ ಹಿಂದೆ ಗಾಳಿಗೆ ಹಾರಿ ಬಂದು ನನ್ನ ಬೇಲಿಗೆ ಸಿಕ್ಕೊಂಡಿತ್ತು. ಕೆಸರಾಗಿತ್ತು, ಒರೆಸಿಟ್ಟೆ. ಕೇಳ್ಕೊಂಡು ಬರ್ತೀಯ ಅಂತಿದ್ದೆ."

ಫಲಕ ಹೊಸದರಂತೆ ಹೊಳೆಯುತ್ತಿತ್ತು. 'ನಿಮ್ಮ ಓಟೂ ಲೆಕ್ಕಕ್ಕೆ ಬರಲಿ' ಎಂಬ ಅಕ್ಷರಗಳ ಸಂದಿಗಳನ್ನೂ ಅವಳು ಬಿಟ್ಟಿರಲಿಲ್ಲ.

"ಆಚೆ ದಡದಲ್ಲಿ ನೀನು ಮನೆ ಮನೆ ಹತ್ತೋದು ಅಡುಗೆಮನೆ ಕಿಟಕಿಯಿಂದ ಕಾಣ್ತಿತ್ತು. ಇವತ್ತು ಸಿರಿಲ್‌ನ ಮನೆ, ನಾಳೆ ಅದರ ಪಕ್ಕದ್ದು, ಆಮೇಲೆ ನಮ್ಮದು ಅಂತ ಲೆಕ್ಕ ಹಾಕ್ತಿದ್ದೆ. ಒಂದಿನ ಓಟ್ಸ್ ಬಿಸ್ಕತ್ತು ಮಾಡಿದ್ದೆ, ನಗಬೇಡ. ನಲವತ್ತಾರು ವರ್ಷ ಓಟು ಹಾಕಿದೀನಿ ಕಣಪ್ಪಾ. ಗೆದ್ದಿದ್ದು ಒಂದೇ ಸಲ. ಆ ಒಂದ್ಸಲ ನಿಮ್ಮಪ್ಪನ ಸೀಟು ನಮ್ಮನೆಗೆ ಬಂತು. ಫರ್ಗಸ್ ಮೊದಲ ದಿನ ಗ್ರೇಡರ್ ತಗೊಂಡು ನಿಮ್ಮನೆ ಮುಂದೆ ಹೋಗಿ ಬಂದೋನು ಊಟ ಮಾಡ್ಲಿಲ್ಲ. ಕಿಟಕೀಲಿ ಆಲ್ಬನ್ ನಿಂತಿದ್ನಂತೆ. ನಾಲ್ಕು ವರ್ಷಕ್ಕೆ ಇವನ ಕೀಲೀನೂ ಹೋಯ್ತು. ಈ ಕಿಟಕೀಲಿ ಇವನು ನಿಂತ."

ಹೊಳೆಯ ಮೇಲೆ ಸಣ್ಣ ಗಾಳಿ ಬಂತು. ದೂರದಲ್ಲಿ, ಹಡಗುಕಟ್ಟೆಯಲ್ಲಿ, ದೋಣಿಗಳಿಗೆ ಬಲೆಪೆಟ್ಟಿಗೆ ಹೇರುವ ಸದ್ದು.

"ಚೀಟೀಲಿ ಏನಿರತ್ತೆ, ಎಲ್ಲಿ ಗುರುತು ಹಾಕೋದು, ಒಂದೂ ನನಗೆ ಸರಿಯಾಗಿ ತಿಳೀಲಿಲ್ಲ. ಈ ಓಣೀಲಿ ಯಾರಿಗೂ ತಿಳೀಲಿಲ್ಲ. ಕೇಳೋಣ ಅಂದ್ರೆ ನೀನು ಸೇತುವೆ ತನಕ ಬರ್ತೀಯ, ಫಲಕ ನೆಡ್ತೀಯ, ತಿರುಗಿ ಹೋಗ್ತೀಯ." ಅವಳು ಏಪ್ರನ್ನಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕೊನೇ ವಾರ ಬಂದೋನು ಎಲ್‌ವುಡ್ ಪ್ರಾಟ್. ಎಲ್‌ವುಡ್! ಹುಟ್ಟಿದಾಗಿಂದ ಈ ಹೊಳೆ ದಾಟಿದೋನಲ್ಲ. ಹತ್ತೊಂಬತ್ತು ಮನೇಗೂ ಹೋದ. ಇಲ್ಲೇ ಕೂತು ಟೀ ಕುಡಿದ, ಫರ್ಗಸ್‌ನ ಫೋಟೋ ನೋಡಿ ಟೋಪಿ ತೆಗೆದ. ಬ್ಯಾಡ ಅಂತ ಇರೋ ಕಡೆ ಗುರುತು ಹಾಕಮ್ಮಾ ಅಂದ."

ಎಮೆಟ್ ಫಲಕದ ಗೂಟ ಹಿಡಿದುಕೊಂಡ.

"ಬಂದು ಕೇಳಿದೋನು ಅವನೊಬ್ಬನೇ ಅಲ್ವಾ. ಅವನು ಹೇಳಿದ ಕಡೆ ಹಾಕ್ದೆ. ಓಣಿಯೋರೆಲ್ಲ ಹಾಕಿದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಸಿಟ್ಟಿಗೆ ಸಿಟ್ಟು ಅವನಲ್ಲಿ ಸದಾ ಸಿದ್ಧವಿರುತ್ತಿತ್ತು. "ನಿನ್ನದು ಹದಿನೇಳರಲ್ಲಿ ಹೋಯ್ತಂತೆ, ರೇಡಿಯೋದಲ್ಲಿ ಹೇಳಿದ್ರು."

ಅವಳು ಅವನ ಮುಖವನ್ನೇ ನೋಡಿದಳು. ಪಾಠ ಒಪ್ಪಿಸಲು ಎದ್ದು ನಿಂತ ಹುಡುಗನನ್ನು ಒಳ್ಳೆಯ ಟೀಚರು ನೋಡುವ ಹಾಗೆ, ಅವಸರವಿಲ್ಲದೆ.

"ಯಾಕೋ ಬರ್ಲಿಲ್ಲ ನೀನು?"

ಎಮೆಟ್ ಫಲಕವನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ. ಗೇಟು ಹಾಕಿದ. ಸೇತುವೆಯ ಹಲಗೆಗಳು ಒಂದೊಂದಾಗಿ ಸದ್ದು ಮಾಡಿ ಸುಮ್ಮನಾದವು. ಜಗಲಿಯ ಮೂಲೆಯಲ್ಲಿ ಪೊರಕೆಯಿತ್ತು. ಉರ್ಸುಲಾ ಅದನ್ನು ಮುಟ್ಟಲಿಲ್ಲ. ಬಿಳಿ ಮೆಟ್ಟಿಲುಗಳ ಮೇಲೆ ಕೆಂಪು ಬೂಟಿನ ಗುರುತುಗಳು, ಹತ್ತಿದವು, ಇಳಿದವು, ಇನ್ನೂ ಹಸಿಯಾಗಿಯೇ ಇದ್ದವು.