ಬಂಡೆಯ ಮೇಲಿನ ಜ್ಯೇಷ್ಠಾ

ಲೋಕೇಶನ ಮದುವೆಗೆ ಕಲ್ಲು ಹಾಕಿದ್ದು ಆಕಾಶದ ಒಂದು ನಕ್ಷತ್ರ ಎಂದರೆ ನೀವು ನಗುತ್ತೀರಿ. ನಗಿ, ಮೊದಮೊದಲು ಅವನೂ ನಕ್ಕಿದ್ದ.

ಹುಡುಗಿ ಲತಾಮಣಿ, ಬಿಡದಿಯಲ್ಲಿ ಕಾರಿನ ಸೀಟು ಹೊಲಿಯುವ ಫ್ಯಾಕ್ಟರಿಯವಳು. ಬೆಳಗಿನ ರೈಲಿನಲ್ಲಿ ಕಂಡು ಮೆಚ್ಚಿದ್ದ. ಎರಡೂ ಮನೆಯವರು ಒಪ್ಪಿದ ಮೇಲೆ ಜೋಯಿಸರು ಜಾತಕ ಬಿಚ್ಚಿ, ಹುಡುಗಿಯದು ಜ್ಯೇಷ್ಠಾ ನಕ್ಷತ್ರ, ಗಂಡನ ಅಣ್ಣನಿಗೆ ಆಗಿಬರುವುದಿಲ್ಲ ಎಂದುಬಿಟ್ಟರು. ಆ ಅಣ್ಣ ಅನಂತರಾಜು. ಅಪ್ಪ ಹೋದ ಮೇಲೆ ತಮ್ಮನನ್ನು ಹೆಗಲ ಮೇಲೆ ಹೊತ್ತು ಸಾಕಿದವನು, ಹಾವು ಕಂಡರೆ ಬಾಲ ಹಿಡಿದು ಎಸೆಯುವ ಆಳು. ಅಂಥವನ ಮುಖ ಬಾಡಿತು. ಆ ನಕ್ಷತ್ರ ಕಣ್ಣಿಗೆ ಕಾಣುತ್ತದೆಯೇ ಎಂದು ಕೇಳಿದ. ಕಾಣದೆ ಏನು, ಈಗ ಕತ್ತಲಾದ ಕೂಡಲೇ ಆಗ್ನೇಯಕ್ಕೆ ನೋಡು, ಕೆಂಪಗಿರುತ್ತದೆ ಎಂದರು ಜೋಯಿಸರು.

ಆಗ್ನೇಯಕ್ಕೆ ಇದ್ದದ್ದು ಊರ ಬಂಡೆ. ಬಂಡೆಯ ಮೇಲೆ ಹೋದ ವರ್ಷ ಎದ್ದ ಮೊಬೈಲ್ ಟವರು, ಅದರ ನೆತ್ತಿಯಲ್ಲಿ ಕೆಂಪು ದೀಪ. ಟವರಿನ ಕಾವಲಿಗಿದ್ದವನು ನಮ್ಮ ಲೋಕೇಶನೇ. ಹಗಲೆಲ್ಲ ಟವರು ನೋಡುತ್ತಿದ್ದ ಅನಂತರಾಜುವಿಗೆ ಕತ್ತಲಲ್ಲಿ ಕಂಡದ್ದು ಮಾತ್ರ ಜ್ಯೇಷ್ಠಾ. ಅದು ದೀಪ ಎಂದು ಲೋಕೇಶ ಬಾಯಿ ನೋಯುವಷ್ಟು ಹೇಳಿದ.

"ಹುಡ್ಗಿ ಆಸೇಗೆ ನಕ್ಷತ್ರಾನೇ ಲೈಟು ಮಾಡ್ಬುಟ್ಟೆಯಲ್ಲೋ," ಎಂದ ಅಣ್ಣ. "ಬೇರೆ ನಕ್ಷತ್ರ ಮಿಣುಕ್ತವೆ. ಇದು ಕಣ್ಣು ಮಿಟುಕಿಸದೇನೇ ನನ್ನೇ ಗುರಾಯಿಸ್ತೈತೆ."

ಅಲ್ಲಿಗೆ ನಗು ನಿಂತಿತು. ಅಣ್ಣನಿಗೆ ಊಟ ಸೇರದು, ನಿದ್ದೆ ಹತ್ತದು. ಅತ್ತ ಲತಾಮಣಿಯ ಮನೆಯವರು ಕನಕಪುರದ ಬೇರೊಂದು ಗಂಡಿನ ಮಾತೆತ್ತಿದರು. ಶುಕ್ರವಾರದೊಳಗೆ ಹೇಳಿ, ಇಲ್ಲದಿದ್ದರೆ ನಮ್ಮ ದಾರಿ ನಮಗೆ ಎಂದರು. ಲೋಕೇಶನಿಗೆ ಜೀವವೇ ಬಾಯಿಗೆ ಬಂತು.

ಗುರುವಾರ ಹೊತ್ತು ಮುಳುಗುವ ಮುಂಚೆ ದೀಪದ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಏನೂ ಅರಿಯದವನಂತೆ ಮನೆಗೆ ಬಂದ. ಕತ್ತಲಾದ ಮೇಲೆ ಅಣ್ಣನನ್ನು ಅಂಗಳಕ್ಕೆ ಕರೆದು, ಎಲ್ಲಿದೆ ನಿನ್ನ ಜ್ಯೇಷ್ಠಾ, ತೋರಿಸು ಎಂದ.

ಅನಂತರಾಜು ಕಣ್ಣುಜ್ಜಿ ಉಜ್ಜಿ ನೋಡಿದ. ಗುರಾಯಿಸುತ್ತಿದ್ದ ಕೆಂಪು ಇರಲಿಲ್ಲ. ಆದರೆ ಆ ಬೆಳಕು ಆರಿದ್ದರಿಂದಲೋ ಏನೋ, ಟವರಿನ ನೆತ್ತಿಗಿಂತ ಒಂದಿಷ್ಟು ಮೇಲೆ, ಬರೀ ಆಕಾಶದಲ್ಲಿ, ಪುಟ್ಟದೊಂದು ಕೆಂಪು ಚುಕ್ಕಿ ಮಿಣುಕುತ್ತಿತ್ತು. ಲೋಕೇಶ ಜೇಬು ಮುಟ್ಟಿ ನೋಡಿಕೊಂಡ. ಫ್ಯೂಸ್ ಅಲ್ಲೇ ಇತ್ತು.

"ಹೋಯ್ತು ಕಣ್ಲಾ ನನ್ ಪೀಡೆ," ಎಂದ ಅಣ್ಣ. "ನಾಳೇನೇ ಹೋಗಿ ಹೂ ಮುಡಿಸ್ಬುಟ್ಟು ಬರಾನ."

"ಅಲ್ಲಿ ಒಸಿ ಕೆಂಪಗೆ ಕಾಣ್ತೈತಲ್ಲಣ್ಣ." ಬಾಯಿ ತಪ್ಪಿ ಬಂದೇಬಿಟ್ಟಿತು.

"ಅದಾ? ನೀನೇ ಬಡ್ಕೋತಿದ್ದೆಯಲ್ಲ, ಟವರ್ ಲೈಟು ಅಂತ. ಅದೇ ಅದು."

ಲೋಕೇಶ ಹೌದಣ್ಣ ಎಂದ. ಇನ್ನೇನು ಹೇಳಿಯಾನು ಪಾಪ.

ಮದುವೆ ಆಯಿತು. ಅನಂತರಾಜು ಆಕಾಶ ನೋಡುವುದನ್ನೇ ಬಿಟ್ಟು, ಗಡದ್ದಾಗಿ ಉಂಡು ಗೊರಕೆ ಹೊಡೆಯತೊಡಗಿದ. ಈಗ ಆಗ್ನೇಯಕ್ಕೆ ಕಣ್ಣು ನೆಟ್ಟು ಕೂರುವವನು ಲೋಕೇಶ. ಫ್ಯೂಸ್ ಮರಳಿ ಹಾಕಿದ ದೀಪದ ಮೇಲೆ ಆ ಚುಕ್ಕಿ ಕಂಡರೆ ಎದೆ ಝಲ್ಲೆನ್ನುತ್ತದೆ. ಅಣ್ಣ ಒಂದು ಸಲ ಕೆಮ್ಮಿದರೆ ಸಾಕು, ರಾಮನಗರದ ಆಸ್ಪತ್ರೆಗೆ ಹೋಗಿಬರೋಣ ಎಂದು ಚಪ್ಪಲಿ ತಂದಿಡುತ್ತಾನೆ. ಮೈಮೇಲೆ ಜ್ಞಾನವಿಲ್ಲದೆ ತಿರುಗುತ್ತಿದ್ದ ತಮ್ಮನಿಗೆ ಅಣ್ಣನೆಂದರೆ ಇಷ್ಟು ಪ್ರಾಣವಾದದ್ದು ಆ ಹುಡುಗಿಯ ಕಾಲ್ಗುಣದಿಂದಲೇ ಎಂದು ಅನಂತರಾಜು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.