ಮಾತು ಬರುವ ಡಬ್ಬಿ

ಚಳ್ಳಕೆರೆಯಲ್ಲಿ ವೈರಿಂಗ್ ಹನುಮಣ್ಣ ಎಂದರೆ ನಾನೇ. ನನಗೆ ಸಿಟ್ಟು ಜಾಸ್ತಿ ಎಂದು ಊರವರು ಹೇಳುತ್ತಾರೆ. ಕರೆಂಟಿನ ವೈರು, ಸ್ಪೀಕರ್ ವೈರು ಎರಡನ್ನೂ ಒಂದೇ ಪೈಪಿನಲ್ಲಿ ತೂರಿಸು ಎನ್ನುವವರನ್ನು ಕಂಡು ಮತ್ತೇನು, ನಗಬೇಕೇ?

ಎಣ್ಣೆ ಮಿಲ್ಲಿನ ಶಾಂತವೀರಪ್ಪನವರ ಮನೆಗೆ ಹೋಮ್ ಥಿಯೇಟರ್ ಬಂದಾಗ ನಮ್ಮೂರಿಗೆ ಅದು ಹೊಸದು. ಚಿಕ್ಕ ಸೊಸೆ ದೀಪಿಕಾಳ ತವರಿನವರು ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಗಳು. ದೀಪಾವಳಿಗೆ ಅವರೇ ಕಳಿಸಿದ್ದರು. ಐದು ಪುಟ್ಟ ಸ್ಪೀಕರ್, ಗುಡುಗುವ ದೊಡ್ಡ ಡಬ್ಬಿ ಒಂದು, ಇವನ್ನೆಲ್ಲ ಕುಣಿಸುವ ಆಂಪ್ಲಿಫೈಯರ್ ಒಂದು. ಜೊತೆಗೆ ಇನ್ನೊಂದು ಪೆಟ್ಟಿಗೆ ಬಂದಿತ್ತು. ಅದರಲ್ಲಿದ್ದುದು ಹೊಸ ಗ್ಯಾಸ್ ಒಲೆ. ದೀಪಿಕಾ ಅದನ್ನು ತನ್ನ ಮಂಚದ ಕೆಳಗೆ ತಳ್ಳಿಟ್ಟಿದ್ದಳು.

ಆ ಮನೆಗೆ ಒಂದೇ ಅಡುಗೆಮನೆ. ಇನ್ನೊಂದು ಒಲೆ ಯಾಕೆ ಬಂತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡ ಮಗ ಮುರುಗೇಶ್, ಚಿಕ್ಕವನು ಶಶಿಕಾಂತ್ ಇಬ್ಬರೂ ಉಂಡು ಕೈತೊಳೆದರೆ ತಂತಮ್ಮ ಕೋಣೆ ಸೇರಿ, ತಂತಮ್ಮ ಟೀವಿ ಹಾಕಿಕೊಂಡು ಬಾಗಿಲು ಮುಚ್ಚುತ್ತಿದ್ದರು. ಆ ಒಲೆ ಹೊತ್ತಿದ ದಿನ ಮನೆ ಎರಡಾಗುತ್ತದೆ ಎಂಬ ಹೆದರಿಕೆಯಲ್ಲಿ ತಾಯಿ ಸರ್ವಮಂಗಳಮ್ಮ ಸೊರಗಿಹೋಗಿದ್ದರು. ಪೆಟ್ಟಿಗೆಯ ಟೇಪು ಕಿತ್ತಿದೆಯೇ ಎಂದು ಕಸ ಗುಡಿಸುವ ನೆಪದಲ್ಲಿ ದಿನಾ ಬಗ್ಗಿ ನೋಡುತ್ತಿದ್ದರು.

ನಾನು ಹೋದ ದಿನ ಟೀ ಕೊಡುತ್ತ ಅವರು ಮೆಲ್ಲಗೆ ಕೇಳಿದರು. "ಹನುಮಣ್ಣ, ಇವುಗಳಾಗೆ ಮಾತು ಬರೋದು ಯಾವುದ್ರಾಗಪ್ಪ?"

"ನಡುವಿಂದ್ರಾಗೆ ಅಮ್ಮಾರೇ. ಮುಂದಿನ ಎರಡ್ರಾಗೆ ಸಂಗೀತ. ಹಿಂದಿನವ್ರಾಗೆ ಗಾಳಿ, ಮಳೆ ಇಂಥವು."

ಎಲ್ಲವನ್ನೂ ಹಾಲ್‌ನಲ್ಲೇ ಹಾಕಬೇಕು ಎಂದು ನಾನು ಬಡಕೊಂಡೆ. ಯಾರು ಕೇಳುತ್ತಾರೆ?

"ನಮ್ಮ ಮಾವ ಕೊಟ್ಟಿದ್ದು. ನಮ್ಮ ರೂಮಿಗೆ ಹಾಕು," ಎಂದ ಶಶಿಕಾಂತ್.

"ಮನೆ ಇನ್ನೂ ಒಟ್ಟಿಗೈತೆ ಕಣಲೇ. ಒಳಗೆ ಬಂದಿದ್ರಾಗೆಲ್ಲ ನಂಗೂ ಪಾಲೈತೆ," ಎಂದ ಮುರುಗೇಶ್.

ಶಾಂತವೀರಪ್ಪನವರು ಹೊಲ ಹಂಚಿದಂತೆ ಹಂಚಿಯೇಬಿಟ್ಟರು. ಮುಂದಿನ ಎರಡು ದೊಡ್ಡವನ ಕೋಣೆಗೆ, ಹಿಂದಿನ ಎರಡು ಚಿಕ್ಕವನ ಕೋಣೆಗೆ. ಗುಡುಗುವ ಡಬ್ಬಿ ಹಾಲ್‌ನಲ್ಲಿ ಅವರ ಕುರ್ಚಿಯ ಪಕ್ಕಕ್ಕೆ, ಅದು ಅದುರಿದರೆ ಮೀನಖಂಡಕ್ಕೆ ಹಿತವಾಗುತ್ತದಂತೆ. ಉಳಿದ ಒಂದಕ್ಕೆ ಅಣ್ಣತಮ್ಮಂದಿರು ಕಿತ್ತಾಡತೊಡಗಿದರು.

"ಅದು ನಂಗಿರ್ಲಿ. ಅಡುಗೆಮನೆಗೆ ಹಾಕಪ್ಪ," ಎಂದರು ಸರ್ವಮಂಗಳಮ್ಮ. ಇನ್ನೊಬ್ಬನಿಗೆ ಸಿಗಲಿಲ್ಲವಲ್ಲ ಎಂದು ಇಬ್ಬರಿಗೂ ಸಮಾಧಾನವಾಯಿತು.

ಒಳಗೊಳಗೇ ಬೈದುಕೊಂಡೆ, ಆದರೆ ಕೆಲಸದಲ್ಲಿ ಮೋಸ ಮಾಡಲಿಲ್ಲ. ಸ್ಪೀಕರ್ ವೈರಿಗೆ ಬೇರೆ ಪೈಪು, ಕರೆಂಟಿನಿಂದ ದೂರ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ನಡುವೆ ಎಲ್ಲೂ ಗಂಟಿಲ್ಲ, ತಾಮ್ರದ ಒಂದು ಎಳೆಯೂ ಹೊರಗಿಲ್ಲ. ಅಡುಗೆಮನೆಯದನ್ನು ಒಲೆಗೂ ನಲ್ಲಿಗೂ ದೂರದ ಗೂಡಿನಲ್ಲಿ ಕೂರಿಸಿದೆ. ಹಾಲ್‌ನಲ್ಲಿದ್ದ ಡಿವಿಡಿ ಪ್ಲೇಯರಿನಿಂದ ಎರಡೂ ಕೋಣೆಯ ಟೀವಿಗೆ ಚಿತ್ರದ ವೈರು ಎಳೆದೆ. ಅರ್ಥ್ ಗುಂಡಿಗೆ ನೀರು ಹುಯ್ದು ಸಿನಿಮಾ ಹಚ್ಚಿದೆ.

ಮುರುಗೇಶನ ಕೋಣೆಯಲ್ಲಿ ಪಿಟೀಲು ಅಳುತ್ತಿತ್ತು. ಶಶಿಕಾಂತನ ಕೋಣೆಯಲ್ಲಿ ಮಳೆ, ಅದು ನಿಂತರೆ ನಾಯಿ. ಪರದೆಯ ಮೇಲೆ ನಾಯಕ ಬಾಯಿ ಆಡಿಸುತ್ತಿದ್ದ, ಮಾತು ಮಾತ್ರ ಅಡುಗೆಮನೆಯಲ್ಲಿ.

ಮೊದಲು ಓಡಿಬಂದವಳು ದೀಪಿಕಾ. "ಅತ್ತೆ, ಅವನು ಏನಂದ?"

ಸರ್ವಮಂಗಳಮ್ಮ ರೊಟ್ಟಿ ತಟ್ಟುತ್ತಲೇ, "ಅವ್ವನ್ನ ಬಿಟ್ಟು ಎಲ್ಲಿಗೂ ಹೋಗಲ್ಲ ಅಂದ," ಎಂದರು.

ನಾನು ಅಲ್ಲೇ ಇದ್ದೆ. ನಾಯಕ ನಿಜಕ್ಕೂ ಕೇಳಿದ್ದು ದಾವಣಗೆರೆ ಬಸ್ಸು ಎಷ್ಟೊತ್ತಿಗೆ ಎಂದು.

ದೀಪಿಕಾಳ ಹಿಂದೆ ದೊಡ್ಡ ಸೊಸೆ ದಾಕ್ಷಾಯಿಣಿ ಬಂದಳು, ಆಮೇಲೆ ಇಬ್ಬರು ಗಂಡುಮಕ್ಕಳೂ ಬಂದರು. ಬಂದವರು ಬಿಸಿ ರೊಟ್ಟಿ ಮುರಿಯುತ್ತ ಅಲ್ಲೇ ಕೂತರು. ಟೀ ಕೊಡುವಾಗ ಆ ತಾಯಿ ಕೇಳಿದ ಪ್ರಶ್ನೆ ಆಗ ನೆನಪಾಯಿತು ನೋಡಿ, ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಸಂಕ್ರಾಂತಿ ಕಳೆದ ಮೇಲೆ ಅಣ್ಣತಮ್ಮಂದಿರು ಒಂದೇ ಬೈಕಿನಲ್ಲಿ ನನ್ನ ಅಂಗಡಿಗೆ ಬಂದರು. "ಎಲ್ಲಾ ಹಾಲ್‌ಗೇ ಹಾಕಣ್ಣ," ಎಂದ ಮುರುಗೇಶ್. "ಅವ್ವ ಹೇಳೋ ಕತೇಲಿ ಯಾವ ಕಳ್ಳನೂ ಜೈಲಿಗೆ ಹೋಗಲ್ಲ. ತಾಯಿ ಕಾಲಿಗೆ ಬಿದ್ದು ಒಳ್ಳೇನಾಗ್ತಾನೆ."

ಹೋಗಿ ನೋಡಿದರೆ ಆಂಪ್ಲಿಫೈಯರ್ ಜಮಖಾನದ ಮೇಲೆ ಕೂತು ಹೆಂಚಿನಂತೆ ಕಾದಿತ್ತು. ನನ್ನ ತಲೆ ಕೆಟ್ಟಿತು. "ಮನೆ ಸುಟ್ಕಂತೀರಾ? ಇದಕ್ಕೆ ಕೆಳಗೆ ಗಾಳಿ ಆಡ್ಬೇಕು. ಬಟ್ಟೆ ಗಿಟ್ಟೆ ಆಗಲ್ಲ. ಕಬ್ಬಿಣದ ಸ್ಟ್ಯಾಂಡ್ ಏನಾದ್ರೂ ಐತಾ?"

ದೀಪಿಕಾ ಎದ್ದು ತನ್ನ ಕೋಣೆಗೆ ಹೋದಳು. ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆಯುವ ಸದ್ದು, ಆಮೇಲೆ ಟೇಪು ಕೀಳುವ ಸದ್ದು ಕೇಳಿತು. ಸರ್ವಮಂಗಳಮ್ಮ ಗೋಡೆ ಹಿಡಿದುಕೊಂಡರು.

ದೀಪಿಕಾ ಹೊಸ ಒಲೆಯನ್ನು ತಂದು ನನ್ನ ಮುಂದಿಟ್ಟಳು. "ಇದರ ಮ್ಯಾಲೆ ಕೂರ್ತೈತಾ ನೋಡಣ್ಣ."

ಪಾತ್ರೆ ಕೂರುವ ಕಾಲುಗಳ ಮೇಲೆ ಆಂಪ್ಲಿಫೈಯರ್ ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಕೆಳಗೆ ಗಾಳಿ ಸಲೀಸಾಗಿ ಆಡುತ್ತಿತ್ತು.

ಸರ್ವಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದರು. "ಇನ್ನು ಇದನ್ನ ಹಚ್ಚಾಕಾಗಲ್ಲ ಅಲ್ವೇನಪ್ಪ?"

"ಹಚ್ಚಿದ್ರೆ ಎಲ್ಲಾ ಸುಟ್ಟೋಗ್ತೈತೆ ಅಮ್ಮಾರೇ."

"ಹಂಗಾದ್ರೆ ಅಲ್ಲಾಡದಂಗೆ ಬಿಗಿ," ಎಂದು ಹೇಳಿ ರೊಟ್ಟಿ ತಟ್ಟಲು ಒಳಗೆ ಹೋದರು.